ಹನಿಗೂಡಿ ಹಳ್ಳವಾದ ನಾದ

ಮುಂಬಯಿಗೆ ಬಂದು ನೆಲೆಸಿದ ನಮ್ಮಂಥವರ ಮನೆಗಳಿಗೆ ಯಾವ ವಸ್ತುವೂ ಒಂದೇ ಸಲಕ್ಕೆ ಬಂದದ್ದಲ್ಲ. ಒಂದು ದೀಪಾವಳಿಗೆ ಮಂಚ, ಮುಂದಿನದಕ್ಕೆ ಕಪಾಟು, ಬೋನಸ್ಸು ಕೈಗೆ ಬಂದ ವರ್ಷ ಫ್ಯಾನು. ಸಂಗೀತವೂ ಹಾಗೆಯೇ ಬಂದಿತು. ಮೊದಲು ರೇಡಿಯೋ, ಕೆಲವು ವರ್ಷಗಳ ಮೇಲೆ ರೆಕಾರ್ಡ್ ಪ್ಲೇಯರು, ಆಮೇಲೆ ಆಂಪ್ಲಿಫೈಯರು, ಕೊನೆಗೆ ಸ್ಪೀಕರ್ ಪೆಟ್ಟಿಗೆ. ಹೀಗೆ ಒಂದೊಂದಾಗಿ ಕೂಡಿಸುವುದು ಬಡವರ ಪಾಡು ಎಂದು ನಾವು ಆಗ ಸಂಕೋಚಪಡುತ್ತಿದ್ದೆವು. ‘ಹೈ-ಫೈ’ ಎಂಬುದರ ಚರಿತ್ರೆಯನ್ನು ಈಗ ತಿರುವಿ ನೋಡಿದರೆ, ಆ ಸಂಕೋಚಕ್ಕೆ ಕಾರಣವೇ ಇರಲಿಲ್ಲವೆನಿಸುತ್ತದೆ.

ರೆಕಾರ್ಡಿನಿಂದ ನಮ್ಮ ಕಿವಿಯವರೆಗೆ ನಾದವು ಮೂರು ಮೆಟ್ಟಿಲು ದಾಟಿ ಬರುತ್ತದೆ. ಮುಳ್ಳು ರೆಕಾರ್ಡಿನ ಗೀರಿನಲ್ಲಿ ಓಡುತ್ತ ಕಂಪನವನ್ನು ಹಿಡಿಯುತ್ತದೆ. ಅದರಿಂದ ಹುಟ್ಟಿದ ಕ್ಷೀಣ ವಿದ್ಯುತ್ತಿಗೆ ಆಂಪ್ಲಿಫೈಯರು ಬಲ ತುಂಬುತ್ತದೆ. ಸ್ಪೀಕರು ಅದನ್ನು ಮತ್ತೆ ಗಾಳಿಯ ಅಲೆಯಾಗಿಸುತ್ತದೆ. 1930ರ ದಶಕದ ರೇಡಿಯೋಗ್ರಾಮಿನಲ್ಲಿ ಇವೆಲ್ಲ ಒಂದೇ ಮರದ ಬೀರುವಿನೊಳಗೆ ಅಡಗಿದ್ದವು. ಶ್ರೀಮಂತರ ದಿವಾನಖಾನೆಗೆ ಅದು ಶೋಭೆಯೇನೋ ಹೌದು; ಆದರೆ ಒಂದು ಭಾಗವನ್ನಷ್ಟೇ ಉತ್ತಮಪಡಿಸಬೇಕೆಂದರೆ ಅದು ಸುಲಭವಾಗಿರಲಿಲ್ಲ. ಆ ಕಾಲದ 78 ಸುತ್ತಿನ, 10 ಅಂಗುಲದ ರೆಕಾರ್ಡಿನ ಒಂದು ಮಗ್ಗುಲು ಮೂರು ನಿಮಿಷದಲ್ಲಿ ಮುಗಿದುಹೋಗುತ್ತಿತ್ತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯು 33⅓ ಸುತ್ತಿನ ಎಲ್.ಪಿ. ರೆಕಾರ್ಡನ್ನು ಹೊರತಂದಿತು. ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೀರಿದ ಸಂಗೀತ, ಕರಕರ ಸದ್ದೂ ಕಡಿಮೆ. ಆದರೆ ಅದರಲ್ಲಿದ್ದ ಸೂಕ್ಷ್ಮಗಳನ್ನು ಹೊರಗೆ ತರುವ ಶಕ್ತಿ ಹಳೆಯ ಬೀರುಗಳಿಗೆ ಇರಲಿಲ್ಲ.

ಈ ಕೊರತೆಯನ್ನು ನೀಗಿಸಲು ಹೊರಟವರಲ್ಲಿ ಮುಖ್ಯರಾದವರು ಮಹಾಯುದ್ಧದಿಂದ ಬಸವಳಿದಿದ್ದ ಬ್ರಿಟನ್ನಿನ ಕೆಲವರು. ಅಲ್ಲಿ ಆಗ ಪಡಿತರದ ಕಾಲ. 1947ರಲ್ಲಿ ಡಿ.ಟಿ.ಎನ್. ವಿಲಿಯಮ್‌ಸನ್ ಎಂಬ ಎಂಜಿನಿಯರರು ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಉತ್ತಮ ಆಂಪ್ಲಿಫೈಯರೊಂದರ ನಕ್ಷೆಯನ್ನು ವಿವರಸಮೇತ ಪ್ರಕಟಿಸಿದರು. ಅದನ್ನು ಓದಿ ಎಷ್ಟೋ ಮಂದಿ ಮನೆಯಲ್ಲೇ ಬೆಸುಗೆ ಹಾಕಿ ಅದನ್ನು ಕಟ್ಟಿಕೊಂಡರು. ಯಾರ್ಕ್‌ಷೈರಿನ ಗಿಲ್ಬರ್ಟ್ ಬ್ರಿಗ್ಸ್ 1932ರಲ್ಲಿ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಸ್ಪೀಕರುಗಳನ್ನು ಮಾಡತೊಡಗಿದವರು. ಅವರ ‘ವಾರ್ಫ್‌ಡೇಲ್’ ಸಂಸ್ಥೆ ಹುಟ್ಟಿದ್ದು ಹಾಗೆ. ಸ್ಪೀಕರು ನುಡಿಯುವಾಗ ಪೆಟ್ಟಿಗೆಯ ಗೋಡೆಯೂ ಅದರ ಸಂಗಡ ಗುಂಯ್‌ಗುಟ್ಟಬಾರದು. ಇದಕ್ಕೆ ಬ್ರಿಗ್ಸ್ ಕಂಡುಕೊಂಡ ಉಪಾಯಗಳಲ್ಲಿ ಕೋಣೆಯ ಮೂಲೆಗೆ ಇಟ್ಟಿಗೆ ಕಟ್ಟುವುದೂ, ಎರಡು ಹಲಗೆಗಳ ನಡುವೆ ಮರಳು ತುಂಬುವುದೂ ಸೇರಿದ್ದವು. 1954ರಲ್ಲಿ ಅವರು ‘ಕ್ವಾಡ್’ ಕಂಪನಿಯ ಪೀಟರ್ ವಾಕರರೊಡನೆ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ, ಕಲಾವಿದರು ಎದುರಿನಲ್ಲಿ ನುಡಿಸಿದ್ದನ್ನೂ ರೆಕಾರ್ಡಿನ ನಾದವನ್ನೂ ಒಂದರ ಪಕ್ಕ ಒಂದಿಟ್ಟು ಜನರಿಗೆ ಕೇಳಿಸಿದರು. ಒಬ್ಬರ ಆಂಪ್ಲಿಫೈಯರು, ಇನ್ನೊಬ್ಬರ ಸ್ಪೀಕರು: ಬೀರು ಒಡೆದು ಅದರ ಅಂಗಗಳು ಬೇರೆಬೇರೆಯಾದುದರ ಲಾಭ ಅಲ್ಲಿ ಎಲ್ಲರಿಗೂ ಕೇಳಿಸಿತು.

ನಮ್ಮ ಕಡೆಗೆ ಬರೋಣ. ಅಂದಿನ ಅನೇಕ ವಾಲ್ವ್ ರೇಡಿಯೋಗಳ ಬೆನ್ನಿಗೆ ‘ಪಿಕ್-ಅಪ್’ ಎಂದು ಗುರುತು ಹಾಕಿದ ಎರಡು ತೂತುಗಳಿರುತ್ತಿದ್ದವು. ಧಾರವಾಡದ ಆಕಾಶವಾಣಿ 1950ರಲ್ಲಿ ಆರಂಭವಾದ ಮೇಲೆ, ಕತ್ತಲಾದೊಡನೆ ಅದನ್ನು ಹಿಡಿಯಲು ಮುಳ್ಳು ತಿರುಗಿಸುತ್ತ ಕುಳಿತಿರುತ್ತಿದ್ದ ನಮ್ಮವರಿಗೆ ಆ ತೂತುಗಳ ಕಡೆ ಗಮನವೇ ಇರಲಿಲ್ಲ. ಅಲ್ಲಿ ಅಗ್ಗದ ರೆಕಾರ್ಡ್ ಪ್ಲೇಯರೊಂದನ್ನು ಸಿಕ್ಕಿಸಿದರೆ ರೇಡಿಯೋದ ಆಂಪ್ಲಿಫೈಯರೂ ಸ್ಪೀಕರೂ ಅದರ ಸೇವೆಗೆ ನಿಲ್ಲುತ್ತಿದ್ದವು. ಗದಗಿನ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರ ಕಂಠ ನಮ್ಮ ಒಂದೂವರೆ ಕೋಣೆಯನ್ನು ಮೊದಲು ತುಂಬಿದ್ದು ಹೀಗೆ. ಆಮೇಲೆ ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಸುತ್ತಿ ಸ್ಪೀಕರು ತಂದೆವು. ಬಡಗಿ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿಕೊಟ್ಟ. ಹಳೆಯ ಹಾಸಿಗೆಯ ಹತ್ತಿ ಅದರ ಹೊಟ್ಟೆ ಸೇರಿತು. ಸ್ಟೀರಿಯೋ ಎಂದರೆ ಪೆಟ್ಟಿಗೆ ಎರಡು ಬೇಕಲ್ಲ! ಬ್ಲಮ್‌ಲೈನ್ ಎಂಬ ಇಂಗ್ಲಿಷ್ ಎಂಜಿನಿಯರರು 1931ರಲ್ಲೇ ಅದಕ್ಕೆ ಪೇಟೆಂಟಿನ ಅರ್ಜಿ ಹಾಕಿದ್ದರೂ ಸ್ಟೀರಿಯೋ ರೆಕಾರ್ಡುಗಳು ಮಾರಾಟಕ್ಕೆ ಬಂದದ್ದು 1957-58ರಲ್ಲಿ. ಅಷ್ಟು ವರ್ಷ ಲೋಕವೇ ಕಾದಿರುವಾಗ, ಎರಡನೆಯ ಪೆಟ್ಟಿಗೆಗೆ ನಾವು ಇನ್ನೊಂದು ದೀಪಾವಳಿ ಕಾದದ್ದು ಹೆಚ್ಚೇನಲ್ಲ.

ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಮೊದಲು ಯಾವುದಕ್ಕೆ ಹಾಕಬೇಕು? ಸ್ಪೀಕರಿಗೆ ಎಂಬುದು ಬಹುಕಾಲದ ರೂಢಿಯ ಮಾತು. 1970ರ ದಶಕದಲ್ಲಿ ಸ್ಕಾಟ್‌ಲೆಂಡಿನ ‘ಲಿನ್’ ಕಂಪನಿಯ ಐವರ್ ಟೀಫೆನ್‌ಬ್ರುನ್ ಇದನ್ನು ತಲೆಕೆಳಗು ಮಾಡಿದರು. ರೆಕಾರ್ಡಿನಿಂದ ಎತ್ತುವಾಗಲೇ ಕಳೆದುಹೋದದ್ದನ್ನು ಮುಂದಿನ ಯಾವ ಯಂತ್ರವೂ ಮರಳಿ ತರಲಾರದು, ಆದ್ದರಿಂದ ಮೊದಲ ಮೆಟ್ಟಿಲೇ ಮುಖ್ಯ ಎಂಬುದು ಅವರ ವಾದ. ನಮ್ಮ ಅನುಭವ ಎರಡಕ್ಕೂ ನಡುವಿನದು. ಸವೆದ ಮುಳ್ಳಿದ್ದರೆ ಒಳ್ಳೆಯ ಸ್ಪೀಕರು ಕರಕರವನ್ನೇ ಸ್ಪಷ್ಟವಾಗಿ ಕೇಳಿಸುತ್ತದೆ. ಮೇಲಾಗಿ ರೆಕಾರ್ಡೂ ಹಾಳು. ನೀಲಮಣಿಯ ಮುಳ್ಳು ತೆಗೆದು ವಜ್ರದ ಮುಳ್ಳು ಹಾಕಿಸಿದ್ದು ನಾವು ಮಾಡಿದ ಖರ್ಚುಗಳಲ್ಲೆಲ್ಲ ಚಿಕ್ಕದು, ಫಲ ಮಾತ್ರ ದೊಡ್ಡದು. ಬೆಲೆಯೇ ಗುಣವಲ್ಲ ಎಂಬುದಕ್ಕೂ ಸಾಕ್ಷಿಯಿದೆ. 1970ರ ದಶಕದ ಕೊನೆಗೆ ಬಂದ ‘ಎನ್.ಎ.ಡಿ. 3020’ ಎಂಬ ಅಗ್ಗದ ಆಂಪ್ಲಿಫೈಯರು, ಚಾನೆಲಿಗೆ ಕೇವಲ 20 ವಾಟಿನದಾದರೂ, ಎಷ್ಟೋ ದುಬಾರಿ ಯಂತ್ರಗಳ ಎದುರು ತಲೆಯೆತ್ತಿ ನಿಂತಿತು.

ಇಷ್ಟರಲ್ಲಿ ಕ್ಯಾಸೆಟ್ಟಿನ ಯುಗ ಬಂದಿತ್ತು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ವಸ್ತು ನಮ್ಮ ಪಾಲಿಗೆ ಅಂಚೆಯ ಕೆಲಸವನ್ನೂ ಮಾಡಿತು. 1978ರಲ್ಲಿ ನಿಸಾರ್ ಅಹಮದರ ಗೀತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ಟು ಬಂದ ಮೇಲೆ, ಊರಿಗೆ ಹೋಗಿ ಬರುವವರ ಚೀಲದಲ್ಲಿ ಚಟ್ನಿಪುಡಿಯ ಪಕ್ಕದಲ್ಲಿ ಭಾವಗೀತೆಗೂ ಜಾಗವಾಯಿತು. ಇಲ್ಲೇ ಹುಟ್ಟಿದ ನಮ್ಮ ಮಕ್ಕಳ ಕಿವಿಗೆ ಮನೆಮಾತಿನ ಹಾಡು ಬಿದ್ದದ್ದು ಅದರಿಂದ. ಅಜ್ಜಿ ಬಂದಿದ್ದಾಗ ಅವಳ ಬೀಸುವ ಪದಗಳನ್ನೂ ಹಸೆಗೆ ಕರೆಯುವ ಹಾಡುಗಳನ್ನೂ ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಂಡೆವು.

ತಪ್ಪಿದ್ದು ಅಲ್ಲಿಂದ ಮುಂದೆ. ಸಿ.ಡಿ. ಬಂದಾಗ ಡೆಕ್ಕನ್ನು ರದ್ದಿಯವನಿಗೆ ಕೊಟ್ಟೆವು. ಮೊಬೈಲು ಬಂದಾಗ ಪೆಟ್ಟಿಗೆಗಳೂ ಹೋದವು. ಎಲ್ಲವೂ ಮತ್ತೆ ಒಂದೇ ಬೀರುವಿನೊಳಗೆ ಸೇರಿದಂತಾಯಿತು. ಬೀರು ಮಾತ್ರ ಜೇಬಿನಷ್ಟು ಚಿಕ್ಕದು. ಒಂದು ಮಳೆಗಾಲದಲ್ಲಿ ಟ್ರಂಕು ತೆಗೆದರೆ ಅಜ್ಜಿಯ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು, ಕೇಳೋಣವೆಂದರೆ ಯಂತ್ರವಿಲ್ಲ. ನೆರೆಯವರ ಅಟ್ಟದಿಂದ ಹಳೆಯ ಡೆಕ್ಕೊಂದನ್ನು ಇಳಿಸಿ, ಒರೆಸಿ, ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ ಉಳಿಸಿಕೊಂಡದ್ದು ಒಂದು ಮಗ್ಗುಲನ್ನು ಮಾತ್ರ. ಇನ್ನೊಂದು ಮಗ್ಗುಲಿನಲ್ಲಿ ಅವಳು ಏನು ಹಾಡಿದ್ದಳೆಂಬುದು ನಮಗೆ ಯಾರಿಗೂ ನೆನಪಿಲ್ಲ.

ಆದ್ದರಿಂದ ಓದುಗರಲ್ಲಿ ನಮ್ಮದೊಂದು ಬಿನ್ನಹ. ಹೊಸದು ಬೇಕು, ತನ್ನಿರಿ. ಆದರೆ ಬದಲಿಸುವಾಗ ಒಂದು ಸಲಕ್ಕೆ ಒಂದೇ ಕೊಂಡಿ ಬದಲಾಗಲಿ. ಹಳೆಯ ಆಂಪ್ಲಿಫೈಯರಿಗೆ ಇಂದಿನ ಮೊಬೈಲನ್ನು ಸಣ್ಣದೊಂದು ತಂತಿಯಿಂದ ಇಂದಿಗೂ ಜೋಡಿಸಬಹುದು. ಅಟ್ಟದ ಮೇಲಿನ ಡೆಕ್ಕನ್ನು ರದ್ದಿಗೆ ಹಾಕುವ ಮುನ್ನ, ಟ್ರಂಕಿನ ತಳದಲ್ಲಿ ಯಾರ ದನಿ ಕಾದು ಕುಳಿತಿದೆಯೋ ಒಮ್ಮೆ ನೋಡಿರಿ.