ಸೈಕಲ್ ವ್ಯಾಯಾಮ: ಸೀಟಿನ ಎತ್ತರವೇ ಮೊದಲ ಪಾಠ

ವ್ಯಾಯಾಮಕ್ಕೆಂದು ಕೊಂಡ ಸೈಕಲ್ ಕೆಲವೇ ವಾರಗಳಲ್ಲಿ ಮೂಲೆ ಸೇರಲು ಮೊಣಕಾಲು ನೋವು ಕಾರಣವಾಗುವುದುಂಟು. ದೇಹದ ಬಹುಪಾಲು ಭಾರವನ್ನು ಸೀಟು ಹೊರುವುದರಿಂದ, ಓಟಕ್ಕೆ ಹೋಲಿಸಿದರೆ ಸವಾರಿಯಲ್ಲಿ ಕೀಲುಗಳಿಗೆ ಬೀಳುವ ಪೆಟ್ಟು ಕಡಿಮೆ. ಆದರೆ ಸೀಟು ತಗ್ಗಾಗಿದ್ದರೆ ಮೊಣಕಾಲು ಅತಿಯಾಗಿ ಮಡಚಿ ಮಂಡಿಚಿಪ್ಪಿನ ಮೇಲೆ ಒತ್ತಡ ಹೆಚ್ಚುತ್ತದೆ. ಕುಳಿತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕೆಂಬ ಆಸೆಯೇ ಇದಕ್ಕೆ ಮೂಲ. ಪೆಡಲ್ ತೀರಾ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗುವಷ್ಟು ಎತ್ತರ ಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸು ಬಾಗಿಯೇ ಇರುತ್ತದೆ.

ಭಾರದ ಗೇರಿನಲ್ಲಿ ಬಲ ಹಾಕಿ ತುಳಿಯುವುದೂ ಮಂಡಿಗೆ ಹೊರೆಯೇ. ಹಗುರ ಗೇರಿನಲ್ಲಿ ನಿಮಿಷಕ್ಕೆ 70ರಿಂದ 90 ಸುತ್ತು ಪೆಡಲ್ ತಿರುಗಿಸುವುದು ಲೇಸು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನು ಸೂಚಿಸಿದೆ. ಮಾತನಾಡಬಹುದು, ಹಾಡಲು ಉಸಿರು ಸಾಲದು ಎಂಬ ಸ್ಥಿತಿಯೇ ಮಧ್ಯಮ ಶ್ರಮ. ಸಿಗ್ನಲ್‌ನಲ್ಲಿ ನಿಂತ ಹೊತ್ತು ಲೆಕ್ಕಕ್ಕಿಲ್ಲ. ಹೃದ್ರೋಗವುಳ್ಳವರು ಮೊದಲು ವೈದ್ಯರನ್ನು ಕಾಣುವುದು ಕ್ಷೇಮ.

ಸೈಕಲ್ ಸವಾರಿಯಲ್ಲಿ ಕಾಲುಗಳು ಮೈಭಾರ ಹೊರುವುದಿಲ್ಲವಾದ್ದರಿಂದ ಮೂಳೆ ಗಟ್ಟಿಯಾಗಲು ಅದೊಂದೇ ಸಾಲದು. ಚುರುಕು ನಡಿಗೆ, ಭಾರ ಎತ್ತುವ ವ್ಯಾಯಾಮಗಳೂ ಜೊತೆಗಿರಬೇಕು.