ಆರ್ಥರ್ ಡವ್‌ನ ಹತ್ತು ಚಿತ್ರಗಳು

1912ನೆಯ ಇಸವಿಯ ಫೆಬ್ರವರಿ ತಿಂಗಳ ಕೊನೆಯಲ್ಲಿ ನ್ಯೂಯಾರ್ಕಿನ ಚಿಕ್ಕದೊಂದು ಚಿತ್ರಶಾಲೆಯಲ್ಲಿ ಹತ್ತು ಚಿತ್ರಗಳ ಪ್ರದರ್ಶನ ಏರ್ಪಟ್ಟಿತು. ಅವೆಲ್ಲವೂ ಪೇಸ್ಟೆಲ್ ಎಂಬ ಬಣ್ಣದ ಕಡ್ಡಿಗಳಿಂದ ಬರೆದವು. ಬಂದ ಜನ ಅವುಗಳ ಮುಂದೆ ನಿಂತು ಇದರಲ್ಲಿ ಮರವೆಲ್ಲಿ, ಮನುಷ್ಯನೆಲ್ಲಿ ಎಂದು ಹುಡುಕಿ ಬೇಸತ್ತರು. ಕಣ್ಣಿಗೆ ಬಿದ್ದದ್ದು ಒಂದರ ಮೇಲೊಂದು ಬಾಗಿದ ದುಂಡು ರೇಖೆಗಳು, ಗರಗಸದ ಹಲ್ಲಿನಂತಹ ಅಂಚುಗಳು, ಮಣ್ಣು ಬಣ್ಣ, ಎಲೆ ಹಸುರು. ಇವುಗಳನ್ನು ಬರೆದವನು ಆರ್ಥರ್ ಡವ್. ಅಂದಿಗೆ ಅವನಿಗೆ ವಯಸ್ಸು ಮೂವತ್ತೊಂದು.

ಡವ್ ಹುಟ್ಟಿದ್ದು 1880ರಲ್ಲಿ, ನ್ಯೂಯಾರ್ಕ್ ಸಂಸ್ಥಾನದ ಕ್ಯಾನನ್‌ಡೇಗ್ವ ಎಂಬ ಊರಿನಲ್ಲಿ. ತಂದೆ ಇಟ್ಟಿಗೆಯ ಕಾರ್ಖಾನೆಯಿಂದಲೂ ಕಟ್ಟಡದ ಗುತ್ತಿಗೆಯಿಂದಲೂ ಧನವಂತನಾದವನು. ಮಗನು ವಕೀಲನಾಗಬೇಕೆಂಬುದು ಅವನ ಬಯಕೆ. ಮಗನಾದರೋ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1903ರಲ್ಲಿ ಪದವಿ ಪಡೆದು, ನ್ಯೂಯಾರ್ಕಿಗೆ ಹೋಗಿ, ಮಾಸಪತ್ರಿಕೆ ವಾರಪತ್ರಿಕೆಗಳ ಕಥೆಗಳಿಗೆ ಚಿತ್ರ ಬರೆಯತೊಡಗಿದನು. ಸಂಪಾದನೆ ಚೆನ್ನಾಗಿಯೇ ಇದ್ದಿತು. ಅದನ್ನು ಬಿಟ್ಟು 1908ರಲ್ಲಿ ಫ್ರಾನ್ಸಿಗೆ ಹೊರಟನು. ಅಲ್ಲಿ ಸೆಜಾನ್, ಮಾತೀಸ್ ಮೊದಲಾದವರ ಕೃತಿಗಳ ಪರಿಚಯವಾಯಿತು. ಆಲ್ಫ್ರೆಡ್ ಮಾರರ್ ಎಂಬ ಸ್ವದೇಶದ ಚಿತ್ರಕಾರನ ಸ್ನೇಹ ದೊರೆಯಿತು. 1909ರಲ್ಲಿ ಹಿಂದಿರುಗಿದ ಬಳಿಕ ಹಳೆಯ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಅಂದಿನ ಅಮೆರಿಕದ ಚಿತ್ರಕಲೆಯ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. ರಾಬರ್ಟ್ ಹೆನ್ರಿಯೂ ಅವನ ಸಂಗಡಿಗರೂ 1908ರಲ್ಲಿ ಪ್ರದರ್ಶನ ನಡೆಸಿ, ಬೀದಿಯ ಬಡಜನರ ಬಾಳನ್ನು ಚಿತ್ರದೊಳಕ್ಕೆ ತಂದಿದ್ದರು. ಅದು ವಸ್ತುವಿನಲ್ಲಾದ ಕ್ರಾಂತಿಯೇ ಹೊರತು ರೂಪದಲ್ಲಾದುದಲ್ಲ. ಬೀದಿ ಬೀದಿಯಾಗಿಯೇ ಕಾಣುತ್ತಿದ್ದಿತು. ರೂಪವನ್ನೇ ಪ್ರಶ್ನಿಸಿದ ಯುರೋಪಿನ ಕಲೆಯನ್ನು ಆ ನಾಡಿಗೆ ಮೊದಲು ತೋರಿಸಿದ ಕೀರ್ತಿ ಛಾಯಾಚಿತ್ರಕಾರನಾದ ಆಲ್ಫ್ರೆಡ್ ಸ್ಟೀಗ್ಲಿಟ್ಸ್‌ನದು. ಐದನೆಯ ಅವೆನ್ಯೂವಿನಲ್ಲಿ 1905ರಲ್ಲಿ ಅವನು ತೆರೆದ, ಮನೆಯ ಸಂಖ್ಯೆಯಿಂದಲೇ ‘291’ ಎಂದು ಹೆಸರಾದ ಆ ಚಿತ್ರಶಾಲೆಯಲ್ಲಿ 1908ರಲ್ಲಿ ಮಾತೀಸನ, 1911ರಲ್ಲಿ ಪಿಕಾಸೋನ ಕೃತಿಗಳು ಪ್ರದರ್ಶಿತವಾದವು. ಲೋಕಪ್ರಸಿದ್ಧವಾದ ಆರ್ಮರಿ ಪ್ರದರ್ಶನ ನಡೆದದ್ದು 1913ರಲ್ಲಿ. ಆಧುನಿಕ ಕಲೆ ಅಮೆರಿಕಕ್ಕೆ ಆ ದಿನವೇ ಕಾಲಿಟ್ಟಿತೆಂದು ಬರೆಯುವವರು ಈ ಚಿಕ್ಕ ಚಿತ್ರಶಾಲೆಯನ್ನು ಮರೆಯುತ್ತಾರೆ. ಡವ್‌ನ ಹತ್ತು ಚಿತ್ರಗಳು ಗೋಡೆಯನ್ನೇರಿದ್ದೂ ಇಲ್ಲಿಯೇ, ಅದಕ್ಕೆ ಒಂದು ವರ್ಷ ಮೊದಲು.

ಅವುಗಳಲ್ಲಿ ಕೆಲವಕ್ಕೆ ‘ಪ್ರಕೃತಿಯ ಸಂಕೇತ’ ಎಂಬರ್ಥದ ಹೆಸರು ಬಂದಿದೆ. ಒಂದು ಹಾಯಿಪಟಗಳದು, ಒಂದು ಗಿಡಗಳದು, ಒಂದು ಕುದುರೆಗಳ ಜೋಡಿಯದು. ಕುದುರೆಗಳ ಚಿತ್ರದಲ್ಲಿ ಕುದುರೆಯನ್ನು ಹುಡುಕಿದರೆ ಸಿಕ್ಕದು; ಎಳೆಯುವ ಬಲವೂ ಮೈಯ ಬಾಗೂ ಮಾತ್ರ ಅಲ್ಲಿವೆ. ವಸ್ತುವನ್ನು ತೊರೆದವನಲ್ಲ ಡವ್. ವಸ್ತುವಿನ ಸಾರವನ್ನು ಹಿಂಡಿ, ಸಿಪ್ಪೆಯನ್ನು ಬಿಟ್ಟವನು. ಇವನ್ನು ಜನ ಮುಂದೆ ‘ದಶಾಜ್ಞೆಗಳು’ ಎಂದು ಕರೆದರು. ಅದೇ ವರ್ಷ ಷಿಕಾಗೋದಲ್ಲಿಯೂ ಪ್ರದರ್ಶಿತವಾದಾಗ ಅಲ್ಲಿನ ವಕೀಲ ಆರ್ಥರ್ ಜೆರೋಮ್ ಎಡ್ಡಿ ಒಂದನ್ನು ಕೊಂಡುಕೊಂಡನು. 1914ರಲ್ಲಿ ತನ್ನ ಗ್ರಂಥದಲ್ಲಿ ಅದರ ಪ್ರತಿಯನ್ನು ಅಚ್ಚುಹಾಕಿಸಿದನು. ಆ ಪುಟವನ್ನು ಕಂಡ ತರುಣಿಯೊಬ್ಬಳು ಡವ್‌ನ ಬೇರೆ ಕೃತಿಗಳನ್ನು ಅರಸಿ ಹೊರಟಳು. ಅವಳೇ ಜಾರ್ಜಿಯಾ ಓಕೀಫ್.

ಆದರೆ ಈ ಹತ್ತಕ್ಕೂ ಹಿಂದಿನವು ಇನ್ನಾರು ಇದ್ದವು. 1910-11ರ ಕಾಲದ, ಒಂದು ಗೇಣಿಗಿಂತ ಹೆಚ್ಚು ಅಗಲವಿಲ್ಲದ ತೈಲಚಿತ್ರಗಳು. ಹೆಸರು ಸಹ ಇಲ್ಲದೆ ‘ಅಮೂರ್ತ’ವೆಂಬ ಪದ ಮತ್ತು ಒಂದರಿಂದ ಆರರ ವರೆಗಿನ ಸಂಖ್ಯೆ. ಅವನ ಜೀವಮಾನದಲ್ಲಿ ಅವು ಪ್ರದರ್ಶನಕ್ಕೆ ಬರಲೇ ಇಲ್ಲ. ಕ್ಯಾಂಡಿನ್‌ಸ್ಕಿ 1910 ಎಂದು ಬರೆದಿಟ್ಟ ಅಮೂರ್ತ ಚಿತ್ರ ವಾಸ್ತವವಾಗಿ 1913ರದೆಂದು ಹಲವು ವಿದ್ವಾಂಸರ ಮತ. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ 1906ರಿಂದಲೇ ಅಂತಹವನ್ನು ಬರೆದು ಮುಚ್ಚಿಟ್ಟಿದ್ದಳು. ಮೊದಲಿಗರು ಯಾರೆಂಬ ಈ ಪಂದ್ಯ ಕುದುರೆಜೂಜಿಗೆ ತಕ್ಕದ್ದು. ಕಲೆಯ ಚರಿತ್ರೆಗೆ ಅದರಿಂದ ದೊರೆಯುವ ಲಾಭ ಸ್ವಲ್ಪವೇ.

ಇಷ್ಟಕ್ಕೆ ತೆತ್ತ ಬೆಲೆ ಸಣ್ಣದಲ್ಲ. ತಂದೆ ಧನಸಹಾಯ ಮಾಡಲೊಪ್ಪಲಿಲ್ಲ. ಕನೆಕ್ಟಿಕಟ್‌ನ ವೆಸ್ಟ್‌ಪೋರ್ಟಿನಲ್ಲಿ ಡವ್ ಕೋಳಿ ಸಾಕಿದನು, ತರಕಾರಿ ಬೆಳೆದನು, ಸಮುದ್ರದ ಲಾಬ್‌ಸ್ಟರ್ ಹಿಡಿದನು. ಕೆಲವು ವರ್ಷಗಳ ಕಾಲ ಕುಂಚ ಹಿಡಿಯಲು ಬಿಡುವಾದದ್ದು ಅಪರೂಪ. 1920ರ ನಂತರ ಚಿತ್ರಕಾರ್ತಿ ಹೆಲನ್ ಟಾರ್ ಜೊತೆಗೂಡಿ ಬಹುಕಾಲ ಹಾಯಿದೋಣಿಯಲ್ಲಿಯೇ ಸಂಸಾರ ಹೂಡಿದನು. 1930ರಿಂದ ವಾಷಿಂಗ್‌ಟನ್ನಿನ ಕಲಾಸಂಗ್ರಾಹಕ ಡಂಕನ್ ಫಿಲಿಪ್ಸ್ ಚಿತ್ರಗಳಿಗೆ ಪ್ರತಿಯಾಗಿ ತಿಂಗಳಿಗೆ 50 ಡಾಲರುಗಳನ್ನು ಕಳುಹಿಸತೊಡಗಿದ ಮೇಲೆಯೇ ಒಲೆ ನಿಶ್ಚಿಂತೆಯಿಂದ ಉರಿದದ್ದು.

1938ರಲ್ಲಿ ಲಾಂಗ್ ಐಲೆಂಡಿನ ಸೆಂಟರ್‌ಪೋರ್ಟಿನಲ್ಲಿ, ಹಿಂದೆ ಅಂಚೆಕಚೇರಿಯಾಗಿದ್ದ ಸಣ್ಣ ಮನೆಯೊಂದಕ್ಕೆ ಅವರಿಬ್ಬರೂ ಬಂದರು. ಆರೋಗ್ಯ ಕೆಟ್ಟಿದ್ದರೂ ಡವ್ ಅಲ್ಲಿ ಚಿತ್ರ ಬರೆಯುವುದನ್ನು ನಿಲ್ಲಿಸಲಿಲ್ಲ. 1946ರ ಜುಲೈ ತಿಂಗಳಲ್ಲಿ ಸ್ಟೀಗ್ಲಿಟ್ಸ್ ತೀರಿಕೊಂಡನು. ಅದೇ ನವೆಂಬರಿನಲ್ಲಿ ಡವ್ ತೀರಿಕೊಂಡನು. ಅವನು ಬರೆದ ಹಸುವಿನ ಚಿತ್ರ ಸ್ಟೀಗ್ಲಿಟ್ಸನ ಸಂಗ್ರಹದೊಡನೆ 1949ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವನ್ನು ಸೇರಿತು.