ಪೇಟಿ ಮಾಸ್ತರರ ಸೀಮೆಗೆ ಪಿಟೀಲು

ಭರತ ಹುಣ್ಣಿಮೆಯ ಜಾತ್ರೆಗೆ ಮೈಲಾರಕ್ಕೆ ಹೋಗಿಬಂದವರ ಕಿವಿಯಲ್ಲಿ ಡಮರುಗದ ಸದ್ದು ಎಷ್ಟೋ ದಿನ ಉಳಿಯುತ್ತದೆ. ಕರಿಕಂಬಳಿ ಹೊದ್ದ ಗೊರವರು, ಅವರ ಕೊಳಲು, ಗಂಟೆ. ಆಮೇಲೆ ಡೆಂಕನಮರಡಿಯಲ್ಲಿ ಬಿಲ್ಲನ್ನೇರಿದ ಗೊರವಯ್ಯ ‘ಸದ್ದಲೇ’ ಎಂದೊಡನೆ ಅಷ್ಟೂ ಜನ ಉಸಿರು ಬಿಗಿಹಿಡಿಯುವ ಆ ಮೌನ. ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಈ ಸೀಮೆಗೆ ತಂತಿವಾದ್ಯ ಹೊಸದಲ್ಲ. ಜೋಗತಿಯರ ಚೌಡಿಕೆ ಇದೆ, ತತ್ವಪದದವರ ಏಕತಾರಿ ಇದೆ. ಎರಡೂ ಮೀಟಿ ನುಡಿಸುವಂಥವು. ಕಮಾನು ಎಳೆದು ನುಡಿಸುವ ಪಿಟೀಲು ಮಾತ್ರ ಇಲ್ಲಿ ಮನೆಮಾತಾಗಲಿಲ್ಲ. ಯಾಕೆ ಎಂದು ಹುಡುಕುತ್ತ ಹೋದರೆ ಪಿಟೀಲಿನ ಚರಿತ್ರೆಗಿಂತ ಪಿಟೀಲು ಕಲಿಸಿದವರ ಚರಿತ್ರೆಯೇ ಕೈಗೆ ಸಿಗುತ್ತದೆ.

ಈ ಭಾಗದ ಹಳ್ಳಿಗಳಲ್ಲಿ ನಾಟಕ ಕಲಿಸಲು ಬರುವವರು ಪೇಟಿ ಮಾಸ್ತರರು. ಹಾರ್ಮೋನಿಯಮ್ಮಿನಲ್ಲಿ ಸ್ವರ ಮೊದಲೇ ಕೂತಿರುತ್ತದೆ. ಮನೆ ಒತ್ತಿದರೆ ಸಾಕು, ಶ್ರುತಿ ತಪ್ಪುವ ಭಯವಿಲ್ಲ. ಒಂದು ಪೇಟಿಯಿದ್ದರೆ ಇಪ್ಪತ್ತು ಪಾತ್ರಧಾರಿಗಳಿಗೆ ರಂಗಗೀತೆ ಹೇಳಿಕೊಡಬಹುದು. ಪಿಟೀಲಿನ ಕೈಪಟ್ಟಿಯ ಮೇಲೆ ಮನೆಯೂ ಇಲ್ಲ, ಮೆಟ್ಟಿಲೂ ಇಲ್ಲ. ಬೆರಳು ಕೂದಲೆಳೆಯಷ್ಟು ಸರಿದರೂ ಸ್ವರ ಕೆಡುತ್ತದೆ. ಮೊದಲ ಒಂದೆರಡು ವರ್ಷ ಪಕ್ಕದಲ್ಲಿ ಕೂತು, ಕೇಳಿ, ಬೆರಳು ಹಿಡಿದು ತಿದ್ದುವ ಗುರು ಬೇಕು. ಹಾಗಾಗಿ ಗುರು ನೆಲೆನಿಂತ ಊರುಗಳಲ್ಲಷ್ಟೇ ಪಿಟೀಲು ಬೆಳೆದಿದೆ.

ದಕ್ಷಿಣಕ್ಕೆ ಅದು ಬಂದದ್ದೇ ಹೀಗೆ. ಹತ್ತೊಂಬತ್ತನೇ ಶತಮಾನದ ಆರಂಭದ ಹೊತ್ತಿಗೆ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿನ ವಾದಕರೊಬ್ಬರಿಂದ ಪಿಟೀಲು ಕಲಿತರು. ತಂಜಾವೂರು ಸಹೋದರರಲ್ಲಿ ಒಬ್ಬರಾದ ವಡಿವೇಲು ಅದನ್ನು ತಿರುವಾಂಕೂರಿನ ಆಸ್ಥಾನಕ್ಕೆ ಒಯ್ದರು. 1834ರಲ್ಲಿ ಸ್ವಾತಿ ತಿರುನಾಳ್ ಮಹಾರಾಜರು ಅವರಿಗೆ ದಂತದ ಪಿಟೀಲು ಕೊಟ್ಟರು. ಪರದೇಶದ ವಾದ್ಯ ಎಂದು ಯಾರೂ ದೂರ ಇಡಲಿಲ್ಲ. ಬದಲಿಗೆ ಹಿಡಿಯುವ ರೀತಿಯನ್ನೇ ಬದಲಿಸಿದರು. ನೆಲದ ಮೇಲೆ ಕೂತು, ವಾದ್ಯದ ತಲೆಯನ್ನು ಬಲಪಾದದ ಮೇಲೆ ಊರಿ, ತಂತಿಗಳನ್ನು ಸ-ಪ-ಸ-ಪ ಎಂದು ಶ್ರುತಿ ಮಾಡಿಕೊಂಡರು. ವಾದ್ಯವನ್ನು ಹೊರುವ ಕೆಲಸ ಎಡಗೈಗೆ ತಪ್ಪಿತು, ಬೆರಳು ತಂತಿಯ ಉದ್ದಕ್ಕೂ ಜಾರಿ ಗಮಕ ಹಿಡಿಯಿತು. ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಜಾಣತನದ್ದಾಗಿ ಕಾಣುವ ಹೆಜ್ಜೆ ಇದೇ.

ಕನ್ನಡನಾಡಿನಲ್ಲಿ ಆ ಕೆಲಸವನ್ನು ಮುಂದುವರಿಸಿದವರು ಮೈಸೂರಿನವರು. 1895ರಲ್ಲಿ ಹುಟ್ಟಿದ ಟಿ. ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಮನೆಯಲ್ಲಿ ಗುರುಕುಲವಾಸ ಮಾಡಿ ಕಲಿತರು. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಗೆ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಆ ಕತೆ ಎಲ್ಲರಿಗೂ ಗೊತ್ತು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಭವನವೇ ಅವರ ಹೆಸರಿನಲ್ಲಿ ನಿಂತಿದೆ. ಅವರು ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜು ನಡೆಸಿದ್ದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಕಂಡದೇವಿ ಅಳಗಿರಿಸ್ವಾಮಿಯಂಥ ವಾದಕರು ಅವರ ಕೈಯಲ್ಲೇ ತಯಾರಾದವರು. ಏಳು ತಂತಿಯನ್ನು ಆಮೇಲೂ ಬಿಡದೆ ನುಡಿಸಿದ ರುದ್ರಪಟ್ಟಣದ ಆರ್.ಆರ್. ಕೇಶವಮೂರ್ತಿಯವರು ಬೆಂಗಳೂರಿನಲ್ಲಿ ತಲೆಮಾರುಗಟ್ಟಲೆ ಮಕ್ಕಳಿಗೆ ಕಲಿಸಿದರು. ಅವರಲ್ಲಿ ಕಲಿತ ಜ್ಯೋತ್ಸ್ನಾ ಶ್ರೀಕಾಂತ್ ಲಂಡನ್ನಿಗೆ ಹೋಗಿ ನೆಲೆಸಿ ಅಲ್ಲಿ ಪಿಟೀಲು ನುಡಿಸಿದರು, ಕಲಿಸಿದರು. ಸಮುದ್ರ ದಾಟಿ ಬಂದ ವಾದ್ಯ ಕನ್ನಡದ ಕೈಯಿಂದ ಗಮಕ ಕಲಿತು ಮತ್ತೆ ಸಮುದ್ರ ದಾಟಿತು. ಅಮೆರಿಕದ ಕ್ಲೀವ್‌ಲೆಂಡ್‌ನಲ್ಲಿ 1978ರಿಂದ ನಡೆಯುತ್ತಿರುವ ತ್ಯಾಗರಾಜ ಆರಾಧನೆಯಲ್ಲಿ ಅಲ್ಲೇ ಹುಟ್ಟಿ ಬೆಳೆದ ಮಕ್ಕಳು ಸ್ಪರ್ಧೆಗೆ ಕೂರುತ್ತಾರೆ. ದೂರದ ಗುರುಗಳಿಂದ ಈಗ ಪರದೆಯ ಮೇಲೆ ಪಾಠ ಕೇಳುವವರೂ ಬಹಳ. ಆದರೆ ಅದರಲ್ಲಿ ದನಿ ಒಂದು ಕ್ಷಣ ತಡವಾಗಿ ತಲುಪುತ್ತದೆ. ಗುರು-ಶಿಷ್ಯರು ಒಟ್ಟಿಗೆ ಕಮಾನು ಎಳೆಯಲಾಗದು. ಸರಳೆ ವರಸೆಯ ಮಗುವಿಗೆ ಅದು ದೊಡ್ಡ ಕೊರತೆ.

ನಮ್ಮ ಸೀಮೆಗೆ ಹತ್ತಿರದ ದಾರಿ ಮೈಸೂರಿನದಲ್ಲ, ಗದಗಿನದು. ಹಡಗಲಿಯಿಂದ ತುಂಗಭದ್ರೆ ದಾಟಿ ಮುಂಡರಗಿ ಹಾದು ಹೋದರೆ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗುತ್ತ ಕಲಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಭಾರ ಹೊತ್ತರು. ಹಾಡು, ತಬಲಾ, ಹಾರ್ಮೋನಿಯಂ, ಪಿಟೀಲು ಎಲ್ಲದರಲ್ಲೂ ಅವರ ಕೈ ಪಳಗಿತ್ತು. ಅನ್ನ, ವಸತಿ, ವಿದ್ಯೆ ಮೂರೂ ಅಲ್ಲಿ ದಾಸೋಹ. ಖರ್ಚಿಗಾಗಿ ನಾಟಕ ಕಂಪನಿಯನ್ನೇ ಕಟ್ಟಿ ಊರೂರಲ್ಲಿ ಆಟ ಆಡಿಸಿದರು. ಮನೆಗಳೇ ಇಲ್ಲದ ಪಿಟೀಲಿನಲ್ಲಿ ಕಣ್ಣು ಹುಡುಕಬೇಕಾದ್ದು ಏನೂ ಇಲ್ಲ, ಎಲ್ಲವೂ ಕಿವಿಯದೇ ಕೆಲಸ. ಅಂಧರ ಆಶ್ರಮದಲ್ಲಿ ಆ ವಾದ್ಯಕ್ಕೆ ಜಾಗ ಸಿಕ್ಕಿದ್ದು ಸಹಜವೇ ಎಂದು ನನಗನ್ನಿಸುತ್ತದೆ.

ಬಡ ಮಕ್ಕಳಿಗೆ ಪಿಟೀಲು ಹೇಗೆ ಮುಟ್ಟಿಸುವುದು ಎಂಬುದಕ್ಕೆ ಹೊರಗಿನ ಮಾದರಿಗಳೂ ಇವೆ. ಗೋವೆಯಲ್ಲಿ ಪೋರ್ಚುಗೀಸರ ಕಾಲದ ಚರ್ಚ್ ಶಾಲೆಗಳು ಹಳ್ಳಿಯ ಹುಡುಗರಿಗೆ ಸ್ವರಲಿಪಿ, ಪಿಟೀಲು ಕಲಿಸಿದವು. ಮುಂಬೈ ಸಿನಿಮಾದ ವಾದ್ಯವೃಂದಗಳನ್ನು ತುಂಬಿದ ಗೋವೆಯ ವಾದಕರು ಅಲ್ಲಿಂದಲೇ ಬಂದವರು. ಜಪಾನಿನ ಶಿನಿಚಿ ಸುಜುಕಿ ಪುಟ್ಟ ಮಕ್ಕಳ ಕೈಗೆ ಪುಟ್ಟ ಪಿಟೀಲು ಕೊಟ್ಟು, ತಾಯಿಯನ್ನೂ ಪಾಠದಲ್ಲಿ ಕೂರಿಸಿ, ಮಾತು ಕಲಿತಂತೆ ಕೇಳಿ ಕಲಿಯುವ ಪದ್ಧತಿ ಹುಟ್ಟುಹಾಕಿದರು. 1993ರಲ್ಲಿ ಕೆನಡಾದ ಪಾದ್ರಿ ಎಡ್ವರ್ಡ್ ಮೆಕ್‌ಗೈರ್ ಕಾಲಿಂಪಾಂಗ್‌ನಲ್ಲಿ ಗಾಂಧಿ ಆಶ್ರಮ ಶಾಲೆ ತೆರೆದು ಕೂಲಿಕಾರರ ಮಕ್ಕಳಿಗೆ ಊಟ, ಪಾಠದ ಜೊತೆಗೆ ಪಿಟೀಲು ಕೊಟ್ಟರು. ಈ ಯಾವ ಕಡೆಯೂ ದುಬಾರಿ ವಾದ್ಯ ಮುಖ್ಯವಾಗಲಿಲ್ಲ. ದಿನವೂ ಬರುವ ಗುರು ಮುಖ್ಯವಾದ.

ಕಲಿಸುವವರು ಒಬ್ಬರಿಗೊಬ್ಬರು ಆಸರೆಯಾಗುವುದೂ ಅಷ್ಟೇ ಮುಖ್ಯ. ಅಮೆರಿಕದ ತಂತಿವಾದ್ಯ ಶಿಕ್ಷಕರು 1946ರಲ್ಲೇ ಸಂಘ ಕಟ್ಟಿಕೊಂಡರು. ನಮ್ಮಲ್ಲಿ ಗುರುಮನೆಯೇ ಸಂಘವಾಗಿತ್ತು. ಹಳ್ಳಿಗೆ ಬಂದು ಒಂಟಿಯಾಗಿ ಕಲಿಸುವ ಯುವ ಶಿಕ್ಷಕನಿಗೆ ತಂತಿ ಹರಿದರೆ ತಂತಿ ಎಲ್ಲಿ ಸಿಗುತ್ತದೆ, ಬಿರಡೆ ಸಡಿಲವಾದರೆ ಯಾರು ಕೂರಿಸಿಕೊಡುತ್ತಾರೆ, ಕೈ ಬಿಗಿಹಿಡಿದ ಮಗುವನ್ನು ಹೇಗೆ ತಿದ್ದಬೇಕು ಎಂದು ಕೇಳಲು ಒಬ್ಬ ಹಿರಿಯರಾದರೂ ಬೇಕು. ಇಲ್ಲವಾದರೆ ಅವನು ಒಂದೇ ವರ್ಷದಲ್ಲಿ ಊರು ಬಿಡುತ್ತಾನೆ, ಪಿಟೀಲು ಅಟ್ಟ ಸೇರುತ್ತದೆ.

ಎಂ.ಪಿ. ಪ್ರಕಾಶರು ಹಡಗಲಿಯಲ್ಲಿ ರಂಗಭಾರತಿ ಕಟ್ಟಿ ನಾಟಕಕ್ಕೆ ಹೊಸ ನೆಲೆ ಕೊಟ್ಟ ಸೀಮೆ ಇದು. ಪಿಟೀಲಿಗೆ ಬೇಕಾದ್ದು ಅದಕ್ಕಿಂತ ಸಣ್ಣದು: ಶಾಲೆಯ ಒಂದು ಖಾಲಿ ಕೋಣೆ, ಮಕ್ಕಳ ಅಳತೆಯ ಹತ್ತು ಪಿಟೀಲು, ಕಮಾನಿಗೆ ಹಚ್ಚುವ ರಾಳ, ಗದಗಿನ ಕಡೆಯಿಂದ ಹೊಳೆ ದಾಟಿ ವಾರಕ್ಕೆ ಮೂರು ದಿನವಾದರೂ ಬರುವ ಒಬ್ಬ ಮಾಸ್ತರ. ಮೊದಲ ಆರು ತಿಂಗಳು ಕೋಣೆಯಿಂದ ಬರುವುದು ಬಾಗಿಲು ಕಿರುಗುಟ್ಟಿದಂಥ ಸದ್ದೇ. ಪಕ್ಕದಲ್ಲಿ ಪೇಟಿ ಮಾಸ್ತರರು ಕೂತು ಷಡ್ಜ ಹಿಡಿದುಕೊಟ್ಟರೆ ಮಕ್ಕಳ ಬೆರಳು ಬೇಗ ದಾರಿಗೆ ಬರುತ್ತದೆ.